ಮಗಳಿಗೊಂದು ಪತ್ರ: ಕೈ ಮರಗಟ್ಟೋ ಮುಂಚೆ ಗಾಡಿ ನಿಲ್ಸು

ಪುಟ್ಟಿ,

ನಿನ್ನೆ ಫೋನಲ್ಲಿ ನೀನು ಸೆಪ್ಟೆಂಬರಲ್ಲಿ ಮನಾಲಿಯಿಂದ ಲೇಹ್‌ಗೆ ಬೈಕಲ್ಲಿ ಹೋಗ್ತೀನಿ ಅಂದಾಗ ನಾನು ಹೂಂ ಅಂದು ಸುಮ್ನಾಗ್ಬಿಟ್ಟೆ. ಬೇಡ ಅನ್ನೋದಿತ್ತು ಅಂತ ಅಲ್ಲ ಕಣೇ, ಹೇಳೋದು ತುಂಬಾ ಇತ್ತು, ಫೋನಲ್ಲಿ ಶುರು ಮಾಡಿದ್ರೆ ಆಯ್ತಮ್ಮ ಆಯ್ತಮ್ಮ ಅಂತ ಇಟ್ಬಿಡ್ತೀಯ, ಅದಕ್ಕೆ ಬರೀತಿದೀನಿ. ಹೆಲ್ಮೆಟ್ಟು ಟೈರು ಪಂಕ್ಚರ್ ಕಿಟ್ಟು ಎಲ್ಲಾ ಅಪ್ಪ ಹೇಳ್ತಾರೆ. ನಾನು ಕೈ ವಿಷ್ಯ ಮಾತ್ರ ಹೇಳ್ತೀನಿ.

ಒಂದು ಸಂಗತಿ ನಿಂಗೆ ಪೂರ್ತಿ ಹೇಳಿಲ್ಲ. 1998ರ ಜನವರಿ, ಪಲ್ಸ್ ಪೋಲಿಯೋ ಭಾನುವಾರ, ನೀನಿನ್ನೂ ಹುಟ್ಟಿರ್ಲಿಲ್ಲ. ಆಗ ನಾನು ಕೊಟ್ಟಿಗೆಹಾರದ ಕಡೆ ಸಿಸ್ಟರ್ ಆಗಿದ್ದೆ. ಬೆಳಗ್ಗೆ ಆರೂವರೆಗೆ ಮೊಪೆಡ್ ಹಿಂದೆ ವ್ಯಾಕ್ಸಿನ್ ಕ್ಯಾರಿಯರ್ ಕಟ್ಕೊಂಡು ಬೂತಿಗೆ ಹೊರಟೆ, ಮಂಜು ಅಂದ್ರೆ ಮುಂದಿನ ಮರ ಕಾಣಲ್ಲ, ಸ್ವೆಟರ್ ಇತ್ತು ಮಫ್ಲರ್ ಇತ್ತು ಕೈಗೆ ಮಾತ್ರ ಏನೂ ಇಲ್ಲ, ಆಗೆಲ್ಲ ಯಾರು ಗ್ಲೌಸ್ ಹಾಕೋರು ಹೇಳು. ಮೊದ್ಲು ಬೆರಳ ತುದಿ ಚುಳುಚುಳು ಅಂತು, ಆಮೇಲೆ ನೋವಾಯ್ತು, ಆಮೇಲೆ ನೋವು ನಿಂತೋಯ್ತು. ನೋವು ನಿಂತಾಗ ನಾನು ಅಬ್ಬ ಕೈ ಚಳಿಗೆ ಹೊಂದ್ಕೊಳ್ತು ಅಂದ್ಕೊಂಡೆ. ಒಂದು ತಿರುವಲ್ಲಿ ಎದುರಿಗೆ ಎಸ್ಟೇಟ್ ಜೀಪು ಬಂತು. ಬ್ರೇಕ್ ಹಿಡಿ ಅಂತ ತಲೆ ಹೇಳ್ತಿದೆ ಬೆರಳು ಮಡಚ್ತಾನೇ ಇಲ್ಲ! ಮೊಪೆಡ್ಡಿಗೆ ಎರಡು ಬ್ರೇಕೂ ಕೈಯಲ್ಲೇ ತಾನೇ. ಸೀದಾ ತೋಟದ ಚರಂಡಿಗೆ ಹೋದೆ. ಮೊಣಕಾಲು ತರಚಿತ್ತು ಅಷ್ಟೇ, ಕ್ಯಾರಿಯರಿಗೂ ಏನೂ ಆಗ್ಲಿಲ್ಲ. ಆದ್ರೆ ಬೂತಿಗೆ ಹೋಗಿ ಮೊದಲನೇ ಮಗೂಗೆ ಎರಡು ಹನಿ ಹಾಕೋಣ ಅಂದ್ರೆ ಡ್ರಾಪರ್ ಒತ್ತೋಕೆ ಆಗ್ತಿಲ್ಲ, ಆ ಮಗು ತಾಯಿ ನನ್ನ ಕೈ ಹಿಡ್ಕೊಂಡು ತನ್ನ ಸೆರಗೊಳಗೆ ಇಟ್ಕೊಂಡ್ಳು. ಆ ಬೆಚ್ಚಗೆ ಇವತ್ತಿಗೂ ನೆನಪಿದೆ.

ಅದಕ್ಕೇ ಹೇಳೋದು ಪುಟ್ಟಿ, ಚಳಿಯಲ್ಲಿ ಕೈ ನೋಯ್ತಿದ್ರೆ ಕೈ ಇನ್ನೂ ಇದೆ ಅಂತ ಅರ್ಥ. ನೋವು ನಿಂತಾಗ ಹೆದರ್ಬೇಕು.

ಯಾಕೆ ಹಂಗಾಗುತ್ತೆ ಅಂದ್ರೆ, ಮೈಗೆ ಚಳಿ ಆದ ತಕ್ಷಣ ದೇಹ ಮೊದ್ಲು ಹೃದಯ ಶ್ವಾಸಕೋಶ ಹೊಟ್ಟೆ ನೋಡ್ಕೊಳ್ಳುತ್ತೆ, ಕೈಕಾಲಿನ ರಕ್ತನಾಳ ಬಿಗಿ ಮಾಡಿ ರಕ್ತ ಒಳಗೆ ಉಳಿಸ್ಕೊಳ್ಳುತ್ತೆ. ಹಂಗಾಗಿ ಎಷ್ಟೇ ದುಡ್ಡು ಕೊಟ್ಟು ಗ್ಲೌಸ್ ತಗೊಂಡ್ರೂ ಎದೆ ಕುತ್ತಿಗೆ ತಣ್ಣಗಿದ್ರೆ ಬೆರಳಿಗೆ ಬಿಸಿ ಬರಲ್ಲ. ಗ್ಲೌಸ್ ಬಿಸಿ ಹುಟ್ಟಿಸಲ್ಲ, ಬಂದಿದ್ದನ್ನ ಹಿಡ್ಕೊಳ್ಳುತ್ತೆ ಅಷ್ಟೇ. ಮೊದ್ಲು ಕುತ್ತಿಗೆ ಮುಚ್ಚು, ಮಣಿಕಟ್ಟು ಮುಚ್ಚು, ಅಲ್ಲಿ ರಕ್ತನಾಳ ಚರ್ಮದ ಹತ್ರಾನೇ ಇರುತ್ತೆ, ಗ್ಲೌಸಿಗೂ ಜರ್ಕಿನ್ ತೋಳಿಗೂ ನಡುವೆ ಎರಡು ಬೆರಳು ಜಾಗ ತೆರೆದಿದ್ರೂ ಸಾಕು, ಗಾಳಿ ಒಳಗೆ ನುಗ್ಗಿ ಎಲ್ಲಾ ಹಾಳು. ನಿಮ್ಮಜ್ಜ ಶರ್ಟೊಳಗೆ ಎದೆಗೆ ನ್ಯೂಸ್‌ಪೇಪರ್ ಇಟ್ಕೊಂಡು ಬೈಕ್ ಓಡಿಸ್ತಿದ್ರು, ಗಾಳಿ ತಡೆಯೋಕೆ ಅದು ನಿಜವಾಗ್ಲೂ ಕೆಲ್ಸ ಮಾಡುತ್ತೆ, ದಾರೀಲಿ ಏನೂ ಇಲ್ಲ ಅಂದಾಗ ನೆನಪಿಟ್ಕೋ.

ಬೆಂಗಳೂರಿಂದ ನಂದಿ ಬೆಟ್ಟಕ್ಕೆ ಬೆಳಗ್ಗೆ ಹೋಗಿ ಬರೋ ಚಳಿ ಅಲ್ಲ ಇದು. ನಮ್ಮ ಮುಳ್ಳಯ್ಯನಗಿರಿ ತುದಿ 1,930 ಮೀಟರ್, ಮನಾಲಿ ಊರೇ ಅದಕ್ಕಿಂತ ಎತ್ತರದಲ್ಲಿದೆ, ಅಲ್ಲಿಂದ ದಾರೀಲಿ ದಾಟೋ ಘಾಟಿಗಳಲ್ಲಿ ಬಾರಾಲಾಚಾ ಲಾ ಹತ್ರಹತ್ರ 4,900, ತಂಗ್ಲಾಂಗ್ ಲಾ 5,300 ದಾಟುತ್ತೆ. ಸಾವಿರ ಮೀಟರ್ ಏರಿದ್ರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ, ನೀನೇ ಲೆಕ್ಕ ಹಾಕು. ಅದರ ಮೇಲೆ ಗಾಳಿ. ಸೊನ್ನೆ ಡಿಗ್ರೀಲಿ 60 ಸ್ಪೀಡಲ್ಲಿ ಹೋದ್ರೆ ಬರೀ ಚರ್ಮಕ್ಕೆ ಅದು ಮೈನಸ್ 9ರ ಹಾಗೆ. ಮನಾಲಿ ದಾಟಿದ ಮೇಲೆ ಸಿಗೋ ಅಟಲ್ ಟನಲ್ ಒಳಗೆ 9 ಕಿಲೋಮೀಟರ್ ಬೆಟ್ಟದ ಗಾಳಿ ಹೊಡೀದೆ ಹಾಯಾಗಿರುತ್ತೆ, ಆ ಕಡೆ ಲಾಹೌಲ್ ಕಣಿವೆಗೆ ಬಿದ್ದ ಮೇಲೆ ಹವಾ ಬೇರೇನೇ, ಟನಲ್ ಮುಂಚೇನೇ ಎಲ್ಲಾ ಹಾಕ್ಕೊಂಡು ರೆಡಿಯಾಗು. ಚಳಿ ಆದ್ಮೇಲೆ ಹಾಕ್ಕೊಳ್ಳೋಣ ಅನ್ನೋದು ಬೇಡ.

ಗ್ಲೌಸ್ ವಿಷ್ಯಕ್ಕೆ ಬಾ. ನೀನು ಫೋಟೋ ಕಳ್ಸಿದ್ದು ಚೆನ್ನಾಗಿದೆ ಆದ್ರೆ ಕೈಗೆ ಅಂಟ್ಕೊಂಡಿದೆ, ಅದರೊಳಗೆ ಉಲ್ಲನ್ ಇನ್ನರ್ ಬೇರೆ ತುರುಕ್ತೀನಿ ಅಂತೀಯ, ಹಂಗೆ ಮಾಡಿದ್ರೆ ಬಿಗಿಯಾಗಿ ರಕ್ತ ಓಡಲ್ಲ, ಒಂದೇ ಗ್ಲೌಸಲ್ಲಿದ್ದಿದ್ದಕ್ಕಿಂತ ಜಾಸ್ತಿ ತಣ್ಣಗಾಗುತ್ತೆ. ಒಂದು ಸೈಜ್ ದೊಡ್ಡದು ತಗೋ. ಬಿಸಿ ಇರೋದು ಬಟ್ಟೇಲಲ್ಲ, ಬಟ್ಟೆ ಮಧ್ಯೆ ಸಿಕ್ಕಾಕ್ಕೊಂಡಿರೋ ಗಾಳೀಲಿ. ಅಂಗಡೀಲಿ ನಿಂತು ಹಾಕಿ ನೋಡಿದ್ರೆ ಸಾಲ್ದು, ಬೈಕ್ ಮೇಲೆ ಕೂತು ಕ್ಲಚ್ ಹಿಡಿದು ನೋಡು, ಬೆರಳು ಮಡಚಿದಾಗ ತುದಿ ಒತ್ತಬಾರ್ದು.

ಹೀಟೆಡ್ ಗ್ರಿಪ್ ಹಾಕ್ಸೋಣ ಅಂತ ಅಪ್ಪ ಹೇಳ್ತಿದಾರೆ, ದುಡ್ಡು ನಾನೇ ಕೊಡ್ತೀನಿ ಅಂತಾನೂ ಅಂದ್ರು. ಹಾಕ್ಸು, ಬೇಡ ಅನ್ನಲ್ಲ, ಆದ್ರೆ ಅದು ಅಂಗೈ ಬಿಸಿ ಮಾಡುತ್ತೆ, ಗಾಳಿ ಹೊಡೆಯೋದು ಕೈ ಹಿಂಭಾಗಕ್ಕೆ. ನನ್ನ ಕೇಳಿದ್ರೆ ಮೊದ್ಲು ದೊಡ್ಡ ಹ್ಯಾಂಡ್‌ಗಾರ್ಡ್ ಹಾಕ್ಸು, ಗಾಳೀನೇ ತಡೆದ್ರೆ ಅರ್ಧ ಕೆಲ್ಸ ಮುಗೀತು. ಬ್ರೇಕ್ ಕ್ಲಚ್ ಲಿವರಿಗೆ ರಬ್ಬರ್ ಕವರ್ ಹಾಕ್ಸು, ಬರೀ ಲೋಹ ಬೆರಳಿಂದ ಬಿಸಿ ಎಳ್ಕೊಳ್ಳುತ್ತೆ. ಮತ್ತೆ ಹ್ಯಾಂಡಲ್ ಗಟ್ಟಿಯಾಗಿ ಹಿಡೀಬೇಡ, ಹೆದರ್ಕೊಂಡಾಗ ಎಲ್ರೂ ಹಿಡೀತಾರೆ, ಹಿಡಿದಷ್ಟೂ ರಕ್ತ ನಿಲ್ಲುತ್ತೆ.

ಒದ್ದೆ ಆಗೋದು ಎಲ್ಲಕ್ಕಿಂತ ಕೆಟ್ಟದ್ದು. ನೀರು ಗಾಳಿಗಿಂತ ಇಪ್ಪತ್ತು ಪಟ್ಟು ಜಾಸ್ತಿ ವೇಗವಾಗಿ ಮೈ ಬಿಸಿ ಕದಿಯುತ್ತೆ, ಆ ರಸ್ತೇಲಿ ಹಿಮ ಕರಗಿದ ನೀರಿನ ನಾಲಾ ದಾಟೋದು ಬೇರೆ ಇದೆ, ಮಧ್ಯಾಹ್ನ ಬಿಸಿಲೇರಿದ ಮೇಲೆ ನೀರು ಜಾಸ್ತಿ ಆಗುತ್ತೆ, ಆದಷ್ಟು ಬೆಳಗ್ಗೇನೇ ದಾಟ್ಬಿಡಿ. ಎರಡನೇ ಜೊತೆ ಗ್ಲೌಸ್ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಜರ್ಕಿನ್ ಒಳಗಿಟ್ಕೋ, ಬ್ಯಾಗಿನ ತಳದಲ್ಲಿ ಅಲ್ಲ. ನಾನು ಒಂದು ಡಬ್ಬಿ ನೈಟ್ರೈಲ್ ಗ್ಲೌಸ್ ಕಳಿಸ್ತಿದೀನಿ, ನಾವು ಡ್ರೆಸಿಂಗಿಗೆ ಹಾಕ್ಕೊಳ್ತಿದ್ವಲ್ಲ ಅಂಥದ್ದೇ. ಮಳೆ ಬಂದ್ರೆ ಅದನ್ನ ಒಳಗಡೆ ಹಾಕ್ಕೊಂಡು ಮೇಲೆ ಗ್ಲೌಸ್ ಹಾಕು, ಬೆವರು ಬರುತ್ತೆ, ಬರ್ಲಿ, ಗಾಳಿ ಮಾತ್ರ ತಾಕಲ್ಲ. ಅದೂ ಇಲ್ಲ ಅಂದ್ರೆ ಬ್ರೆಡ್ ಕವರ್ ಆದ್ರೂ ಆಗುತ್ತೆ. ಒದ್ದೆ ಗ್ಲೌಸ್‌ನ ರಾತ್ರಿ ಬೆಂಕಿ ಮೇಲೆ ಒಣಗಿಸ್ಬೇಡ, ಗ್ಲೌಸಿನ ಚರ್ಮ ಸೆಟೆದುಹೋಗುತ್ತೆ, ಒಳಗೆ ಪೇಪರ್ ತುರುಕಿ ಇಡು.

ಈಗ ಮುಖ್ಯವಾದ್ದು. ಅರ್ಧ ಗಂಟೆಗೊಂದ್ಸಲ ಗಾಡಿ ನಿಲ್ಸಿದಾಗ ಹೆಬ್ಬೆರಳಿಂದ ಕಿರುಬೆರಳ ತುದಿ ಮುಟ್ಟಿ ನೋಡು. ಸಲೀಸಾಗಿ ಮುಟ್ಟಕ್ಕಾಗ್ದಿದ್ರೆ ಅಲ್ಲಿಂದ ಮುಂದೆ ಹೋಗ್ಬೇಡ. ಲಿವರ್ ಹಿಡಿಯೋ ಕೈ ಅದೇ ತಾನೇ. ಗ್ರೂಪಿನವರು ಮುಂದೆ ಹೋಗಿರ್ಬಹುದು, ರಾತ್ರಿ ತಂಗೋ ಸಾರ್ಚು ತಲುಪೋಕೆ ಲೇಟಾಗುತ್ತೆ ಅನ್ಬಹುದು, ಏನು ಚಳಿಗೆ ಹೆದರ್ತೀಯ ಅನ್ಬಹುದು, ಅನ್ಲಿ ಬಿಡು. ನೀನು ಸುಮ್ನೆ ಹೊಂದ್ಕೊಂಡು ಹೋಗೋ ಹುಡುಗಿ, ನಂಗೊತ್ತು, ಚಿಕ್ಕೋಳಿದ್ದಾಗ ಜ್ವರ ಬಂದಿದ್ರೂ ಹೇಳ್ತಿರ್ಲಿಲ್ಲ. ಇಲ್ಲಿ ಹಂಗೆ ಮಾಡ್ಬೇಡ ಮಾರಾಯ್ತಿ. ಬೆರಳು ಆಡ್ತಿಲ್ಲ ಅಂತ ಬಾಯಿಬಿಟ್ಟು ಹೇಳು.

ನಿಂತ್ಮೇಲೆ ತೋಳು ಪೂರ್ತಿ ಬೀಸಿ ಗಿರಗಿರ ತಿರುಗಿಸು, ರಕ್ತ ಬೆರಳ ತುದಿಗೆ ಓಡುತ್ತೆ, ಇಲ್ಲಾ ಕಂಕುಳಲ್ಲಿ ಇಟ್ಕೋ. ಎಂಜಿನ್ನಿಗೆ ಸೈಲೆನ್ಸರಿಗೆ ಕೈ ಇಡ್ಬೇಡ. ಆ ಪೋಲಿಯೋ ದಿನ ಸಾಯಂಕಾಲ ಮತ್ತೆ ಮರಗಟ್ಟಿದ ಕೈ ಹೊತ್ಕೊಂಡು ಮನೆಗೆ ಬಂದವಳು ಬಚ್ಚಲ ಹಂಡೆ ನೀರಿಗೆ ಸೀದಾ ಅದ್ದಿದ್ದೆ, ಸುಟ್ಟಿದ್ದು ಗೊತ್ತೇ ಆಗ್ಲಿಲ್ಲ, ರಾತ್ರಿ ಬೊಬ್ಬೆ ಎದ್ದಿತ್ತು. ಎಡಗೈ ಮೇಲಿನ ಕಲೆ ಅದೇ, ಒಲೆ ತಾಕಿದ್ದು ಅಂತ ನಿಂಗೆ ಹೇಳಿದ್ದೆ. ಉಗುರುಬೆಚ್ಚಗಿನ ನೀರು ಸಾಕು, ಬಿಸಿ ಎಷ್ಟಿದೆ ಅಂತ ಬೇರೆಯವರ ಕೈಲಿ ನೋಡ್ಸು. ಬೆರಳು ಬೆಳ್ಳಗೆ ಮೇಣದ ಹಾಗೆ ಗಟ್ಟಿಯಾಗಿದ್ರೆ ಉಜ್ಜಬೇಡ, ಸೀದಾ ಡಾಕ್ಟರ್ ಹತ್ರ.

ರಮ್ ಕುಡಿದ್ರೆ ಬೆಚ್ಚಗಾಗುತ್ತೆ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗೆ ಅನ್ಸೋದು ನಿಜ, ಒಳಗಿನ ಬಿಸಿ ಮಾತ್ರ ಹೊರಗೆ ಹೋಗ್ತಿರುತ್ತೆ. ಸಿಗರೇಟೂ ಬೇಡ, ರಕ್ತನಾಳ ಇನ್ನೂ ಬಿಗಿ ಮಾಡುತ್ತೆ. ಇನ್ನೊಂದು, ಎತ್ತರದ ಜಾಗದಲ್ಲಿ ಹುಷಾರು ತಪ್ಪದಿರ್ಲಿ ಅಂತ ಡಯಮಾಕ್ಸ್ ಮಾತ್ರೆ ತಗೊಂಡ್ರೆ ಬೆರಳು ಜುಮುಜುಮು ಅನ್ನುತ್ತೆ, ಅದು ಚಳಿಯಿಂದ ಅಲ್ಲ, ಮಾತ್ರೆಯಿಂದ. ಗೊಂದಲ ಆದ್ರೆ ಕಿರುಬೆರಳು ಮುಟ್ಟಿ ನೋಡೋದೇ ದಾರಿ. ಡಾಕ್ಟರ್ ಕೇಳ್ದೆ ಮಾತ್ರೆ ಶುರು ಮಾಡ್ಬೇಡ, ಸಲ್ಫಾ ಅಲರ್ಜಿ ಇದ್ಯಾ ಅಂತ ಅವರು ಕೇಳ್ತಾರೆ, ನಿಂಗೆ ಇಲ್ಲಿವರೆಗೆ ಕಾಣಿಸಿಲ್ಲ ಅಂತ ಹೇಳು.

ಆ ದೊಡ್ಡ ಸೈಜ್ ಗ್ಲೌಸೊಳಗೆ ಹಾಕ್ಕೊಳ್ಳೋಕೆ ತೆಳು ಉಲ್ಲನ್ನಲ್ಲಿ ಇನ್ನರ್ ನಾನೇ ಹೆಣೀತಿದೀನಿ, ಬಲಗೈದು ಆಗಿದೆ, ಎಡಗೈ ಹೆಬ್ಬೆರಳು ಬಾಕಿ. ಅಳತೆ ಅಂದಾಜಿಗೆ ನನ್ನ ಕೈದೇ ತಗೊಂಡೆ, ನಿಂದು ಸ್ವಲ್ಪ ಉದ್ದ ಅಲ್ವಾ, ಮಧ್ಯದ ಬೆರಳು ಎಷ್ಟಿದೆ ಅಂತ ಸ್ಕೇಲಲ್ಲಿ ಅಳೆದು ಇವತ್ತು ರಾತ್ರಿ ಮೆಸೇಜ್ ಹಾಕು, ಶನಿವಾರದ ಬಸ್ಸಿಗೆ ಪಾರ್ಸೆಲ್ ಕೊಡ್ತೀನಿ.

ನಿನ್ನ
ಅಮ್ಮ