ಮೇಲ್ಮಹಡಿ ಖಾಲಿಯಿದ್ದರೆ ಪೇಟೆ ಚೇತರಿಸದು

ಮಾನ್ಯ ಸಂಪಾದಕರೇ,

ಗದಗ ಕಡೆಯಿಂದ ಗೋವಾಕ್ಕೆ ಬಂದು, ವಾಸ್ಕೊದ ಸ್ವತಂತ್ರ ಪಥದ ಬಳಿ ಇಪ್ಪತ್ತೈದು ವರ್ಷಗಳಿಂದ ಬಟ್ಟೆ ಅಂಗಡಿ ನಡೆಸುತ್ತಿರುವವನು ನಾನು. ಹಳೆಯ ಪೇಟೆ ಸೊರಗುತ್ತಿರುವುದಕ್ಕೆ ಆನ್‌ಲೈನ್ ವ್ಯಾಪಾರ, ವಾಹನ ನಿಲುಗಡೆಯ ತೊಂದರೆಗಳೇ ಕಾರಣವೆಂಬ ಮಾತು ಅರ್ಧ ಸತ್ಯ ಮಾತ್ರ.

ನಮ್ಮ ಪೇಟೆ ಬೆಳೆದದ್ದು ಮುರ್ಮುಗೋವಾ ಬಂದರನ್ನು ನಂಬಿ. ಜುವಾರಿ, ಮಾಂಡವಿ ನದಿಗಳಲ್ಲಿ ಅದಿರಿನ ಬಾರ್ಜುಗಳು ಓಡಾಡುತ್ತಿದ್ದಾಗ, ಅವುಗಳ ನೌಕರರು ಚೌತಿಗೆ ಮುನ್ನ ಮನೆಮಂದಿಗೆಲ್ಲ ಬಟ್ಟೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಗಣಿಗಾರಿಕೆ 2012ರಲ್ಲಿ ನಿಂತಿತು. ಪುನಃ ಆರಂಭವಾದರೂ, 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣವನ್ನು ರದ್ದುಪಡಿಸಿದ ಮೇಲೆ ಮತ್ತೊಮ್ಮೆ ನಿಂತಿತು. ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಗಿರಾಕಿಗಳು ಹೋದ ಮೇಲೆ ಪೇಟೆಯನ್ನು ಕೈಹಿಡಿಯಬೇಕಾಗಿದ್ದವರು ಪೇಟೆಯಲ್ಲೇ, ಅಂಗಡಿಗಳ ಮೇಲ್ಮಹಡಿಗಳಲ್ಲಿ ವಾಸಿಸುವ ಜನ. ಅವರೇ ಇಲ್ಲಿ ಉಳಿದಿಲ್ಲ.

ನನ್ನ ಅಂಗಡಿಯೆದುರಿನ ಕಟ್ಟಡದ ಮೇಲ್ಮಹಡಿಗೆ ಬೀಗ ಬಿದ್ದು ಬಹಳ ವರ್ಷಗಳಾಗಿವೆ. ಬಾಲ್ಕನಿಯ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡದ ಬೇರು ಗೋಡೆಯ ಗಾರೆಯನ್ನು ಸೀಳಿಕೊಂಡು ಕೆಳಗಿನ ಅಂಗಡಿಯ ಫಲಕದವರೆಗೆ ಇಳಿದಿದೆ. ಜೂನ್ ಬಂತೆಂದರೆ ಆ ಅಂಗಡಿಯವರು ತಾಡಪತ್ರಿ ಕಟ್ಟುತ್ತಾರೆ. ಮಾಲೀಕರನ್ನು ಸುಮ್ಮನೆ ದೂರುವಂತಿಲ್ಲ: 1968ರ ಬಾಡಿಗೆ ನಿಯಂತ್ರಣ ಕಾಯ್ದೆಯ ಆಶ್ರಯದಲ್ಲಿ ಮುಂದುವರಿದ ಹಳೆಯ ಬಾಡಿಗೆ ದುರಸ್ತಿಗೂ ಸಾಲದು. ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಿಂದ ಬಂದ ಪದ್ಧತಿಯಂತೆ ಆಸ್ತಿಯಲ್ಲಿ ಗಂಡು, ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಪಾಲಿದೆ. ಇದು ನ್ಯಾಯವೇ ಸರಿ. ಆದರೆ ವಾರಸುದಾರರಲ್ಲಿ ಒಬ್ಬರು ಲಿಸ್ಬನ್‌ನಲ್ಲಿ, ಇನ್ನೊಬ್ಬರು ಕೊಲ್ಲಿ ದೇಶದಲ್ಲಿರುವಾಗ, ಆಸ್ತಿಯ ಪಟ್ಟಿ ಮಾಡಿ ಪಾಲು ಹಂಚುವ ‘ಇನ್ವೆಂಟರಿ’ ಎಂಬ ಕಾನೂನು ಪ್ರಕ್ರಿಯೆ ಮುಗಿದು ಎಲ್ಲರ ಸಹಿ ಬೀಳುವಷ್ಟರಲ್ಲಿ ಮಾಡೇ ಕುಸಿದಿರುತ್ತದೆ.

ಪಾದಚಾರಿ ಮಾರ್ಗಕ್ಕೆ ಹೊಸ ಹಾಸುಗಲ್ಲು ಹಾಕಿಸಿ, ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಪೇಟೆ ಚೇತರಿಸುತ್ತದೆ ಎಂಬ ಅಭಿಪ್ರಾಯ ನಮ್ಮ ವರ್ತಕರಲ್ಲೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಹೂವು, ತರಕಾರಿ ಮಾರುವ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಬಳಿಗೆ ಬಂದವರೇ ನನ್ನ ಅಂಗಡಿಯ ಮೆಟ್ಟಿಲನ್ನೂ ಹತ್ತುತ್ತಾರೆ. ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನಗಳು ಬೀದಿ ವ್ಯಾಪಾರಿಗಳಿಗೇ ಇರಬೇಕೆಂದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುತ್ತದೆ. ಪೇಟೆಯ ಯೋಜನೆ ರೂಪಿಸುವಾಗ ಅವರ ಮಾತನ್ನೂ ಕೇಳಬೇಕು.

ನಗರಸಭೆಯು ಮೊದಲು ಬೀಗ ಬಿದ್ದ ಮೇಲ್ಮಹಡಿಗಳ ಪಟ್ಟಿ ಮಾಡಲಿ. ವಾರಸುದಾರರಿಗೆ ಕಾನೂನು ನೆರವು ಒದಗಿಸಿ, ದುರಸ್ತಿಯ ವೆಚ್ಚವನ್ನು ಮಾಲೀಕರು ಮತ್ತು ಬಾಡಿಗೆದಾರರು ಹಂಚಿಕೊಳ್ಳುವಂತೆ ಮಾತುಕತೆ ನಡೆಸಲಿ. ನನ್ನ ಪಾಲಿನ ಹಣ ಕೊಡಲು ನಾನು ಸಿದ್ಧನಿದ್ದೇನೆ.

– ಒಬ್ಬ ಬಟ್ಟೆ ವ್ಯಾಪಾರಿ, ವಾಸ್ಕೊ, ಗೋವಾ