ದೂರದಿಂದ ಮನೆ ಗೊತ್ತು ಮಾಡಬೇಡ

ಪ್ರೀತಿಯ ಪುಟ್ಟಿ,

ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು. ಹೊಸ ಊರಿಗೆ ಹೋಗುವಷ್ಟರಲ್ಲಿ ಮನೆ ಸಿಕ್ಕಿಬಿಡಬೇಕು ಅಂತ ರಾತ್ರಿಯೆಲ್ಲ ಮೊಬೈಲ್ ನೋಡುತ್ತಾ ಕೂತಿರುತ್ತೀಯಂತೆ, ಅಕ್ಕ ಹೇಳಿದಳು. ನನ್ನ ಮಾತು ಕೇಳು, ಕೂತಲ್ಲಿಂದಲೇ ಯಾವ ಮನೆಯನ್ನೂ ಗೊತ್ತು ಮಾಡಬೇಡ.

ದೊಡ್ಡ ನಗರದ ಮನೆಗಳು ಆ್ಯಪಿನಲ್ಲಿ ಸಾಲುಸಾಲಾಗಿ ಸಿಗುತ್ತವೆ. ನೀನು ಹೋಗುವಂಥ ಸಣ್ಣ ನಗರದಲ್ಲಿ ಹಾಗಲ್ಲ. ಅಲ್ಲಿ ಕಡಿಮೆ ಬಾಡಿಗೆಯ ಒಳ್ಳೆಯ ಮನೆ ಖಾಲಿಯಾಗುವ ಮೊದಲೇ ಸುದ್ದಿ ಬಾಯಿಂದ ಬಾಯಿಗೆ ಹೋಗಿರುತ್ತದೆ. ಎಷ್ಟೋ ಮಾಲೀಕರು ಜಾಹೀರಾತೇ ಕೊಡುವುದಿಲ್ಲ. ಅದಕ್ಕೇ ಮೊದಲು ಒಂದೆರಡು ತಿಂಗಳ ಮಟ್ಟಿಗೆ ಹಾಸ್ಟೆಲ್ಲೋ, ಒಂದು ರೂಮೋ ಹಿಡಿ. ಆ ಖರ್ಚು ದಂಡ ಅನ್ನಿಸಬಹುದು. ಆದರೆ ಹಿಡಿಸದ ಮನೆಗೆ ವರ್ಷವಿಡೀ ಬಾಡಿಗೆ ಕಟ್ಟುವುದಕ್ಕಿಂತ ಇದೇ ವಾಸಿ.

ಆಫೀಸಿನವರಿಗೆ, ದಿನಾ ಹೋಗುವ ಅಂಗಡಿಯವರಿಗೆ, ಸಾಮಾನು ಸಾಗಿಸುವವರಿಗೆ ಎಲ್ಲ ಹೇಳಿಡು. ಎಷ್ಟು ಬಾಡಿಗೆ, ಯಾವಾಗಿನಿಂದ, ಎಷ್ಟು ಜನ ಅಂತ ಬಿಡಿಸಿ ಹೇಳಬೇಕು. ‘ಎಲ್ಲಾದ್ರೂ ಮನೆ ಇದ್ರೆ ಹೇಳಿ’ ಅಂದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಬಿಡುವಿದ್ದಾಗ ಬೀದಿಬೀದಿ ನಡೆದು ಬೋರ್ಡುಗಳನ್ನು ನೋಡು. ಕಾಲೇಜುಗಳಿರುವ ಊರಾದರೆ ತರಗತಿ ಶುರುವಾಗುವ ಹೊತ್ತಿಗೆ ಮನೆಗೆ ನೂಕುನುಗ್ಗಲು. ಪರೀಕ್ಷೆ ಮುಗಿದ ಮೇಲೆ ಚೌಕಾಸಿಗೂ ಜಾಗ ಇರುತ್ತದೆ.

ಸಂಬಳದಲ್ಲಿ ಶೇ. 30 ಬಾಡಿಗೆಗೆ ಅಂತ ಎಲ್ಲರೂ ಹೇಳುತ್ತಾರಲ್ವಾ? ಆ ಲೆಕ್ಕ ಬಂದದ್ದು ಬೇರೆ ಕಡೆಯಿಂದ. ಅಮೆರಿಕದಲ್ಲಿ ಸರ್ಕಾರಿ ಮನೆಗಳ ಬಡ ಬಾಡಿಗೆದಾರರಿಗೆ 1969ರ ಕಾನೂನು ಆದಾಯದ ಶೇ. 25ರ ಮಿತಿ ಹಾಕಿತ್ತು. 1981ರಲ್ಲಿ ಅದನ್ನು ಶೇ. 30ಕ್ಕೆ ಏರಿಸಿದರು. ನಿನ್ನ ಸಂಬಳ, ನಿನ್ನ ಸಾಲ ನೋಡಿ ಹಾಕಿದ ಲೆಕ್ಕ ಅದಲ್ಲ. ನೀನು ತಿರುಗಿಸಿ ಲೆಕ್ಕ ಹಾಕು. ಊಟ, ಸಾಲದ ಕಂತು, ಕರೆಂಟು, ನೀರು, ಓಡಾಟ, ಆಪತ್ತಿಗೆ ಎತ್ತಿಡುವ ಹಣ, ಇಷ್ಟನ್ನೂ ಮೊದಲು ಕಳೆ. ಉಳಿದದ್ದರೊಳಗೆ ಮನೆ ಹುಡುಕು.

ಓಡಾಟವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡ. ಸಣ್ಣ ನಗರಗಳಲ್ಲಿ ಬಸ್ಸು ಕಡಿಮೆ, ರಾತ್ರಿ ಬೇಗ ನಿಂತೂ ಹೋಗುತ್ತದೆ. ಊರಾಚೆಯ ಮನೆ ಅಗ್ಗ ಅಂತ ಹೋದರೆ ಗಾಡಿ ಕೊಳ್ಳಲೇಬೇಕಾಗುತ್ತದೆ. ಬಾಡಿಗೆಯಲ್ಲಿ ಉಳಿಸಿದ್ದು ಪೆಟ್ರೋಲಿಗೆ ಹೋಗುತ್ತದೆ. ನಡೆದು ಕೆಲಸಕ್ಕೆ ಹೋಗುವಷ್ಟು ಹತ್ತಿರದ ಸಣ್ಣ ಮನೆಯೇ ನಿನಗೆ ಸರಿ ಅಂತ ನನಗನ್ನಿಸುತ್ತದೆ.

ಮನೆ ನೋಡಲು ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೋಗು. ನಲ್ಲಿಗಳನ್ನೆಲ್ಲ ಒಟ್ಟಿಗೇ ತಿರುಗಿಸಿ ನೀರಿನ ರಭಸ ನೋಡು. ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೆ ಅದರ ಹಿಂದೆ ತೇವ ಇರಬಹುದು, ಕೈಯಿಟ್ಟು ನೋಡು, ಮೂಗಿಗೆ ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡು. ಒಳಗಿನಿಂದಲೇ ಯಾರಿಗಾದರೂ ಫೋನ್ ಮಾಡಿ ಸಿಗ್ನಲ್ ಸಿಗುತ್ತದಾ ನೋಡು. ಪಕ್ಕದ ಬಾಡಿಗೆದಾರರನ್ನು ಮಾತಾಡಿಸು. ರಿಪೇರಿ ಅಂದರೆ ಮಾಲೀಕರು ಬರುತ್ತಾರಾ, ಅಡ್ವಾನ್ಸ್ ವಾಪಸ್ ಕೊಡುವಾಗ ಹೇಗೆ ಅಂತ ಅವರಷ್ಟು ಸರಿಯಾಗಿ ಇನ್ಯಾರೂ ಹೇಳಲಾರರು.

ಒಳಗೆ ಕಾಲಿಡುವ ಮೊದಲು ದುಡ್ಡು ಕೇಳಿದರೆ ಕೊಡಲೇಬೇಡ. ‘ನಾನು ಹೊರದೇಶದಲ್ಲಿದ್ದೇನೆ, ಹಣ ಹಾಕಿದರೆ ಕೀಲಿ ಕಳಿಸುತ್ತೇನೆ’ ಅನ್ನುವುದು ಎಲ್ಲ ಕಡೆಯೂ ನಡೆಯುತ್ತಿರುವ ಮೋಸ. ಫೋಟೋದಲ್ಲಿ ಮನೆ ಚೆನ್ನಾಗಿದ್ದು ಬಾಡಿಗೆ ತೀರಾ ಕಮ್ಮಿಯಿದ್ದರೆ ಇನ್ನೂ ಹುಷಾರಾಗಿರು.

ಮನೆಗೆ ಹೋದ ದಿನವೇ ಗೋಡೆ, ನೆಲ, ಮೀಟರ್ ರೀಡಿಂಗ್ ಫೋಟೋ ತೆಗೆದು ಮಾಲೀಕರಿಗೆ ಕಳಿಸಿಬಿಡು. ಬಾಡಿಗೆ ಯಾವಾಗ, ಎಷ್ಟು ಏರುತ್ತದೆ, ಬಿಡಲು ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವುದು ಅಗ್ರಿಮೆಂಟಿನಲ್ಲೇ ಇರಬೇಕು. ಸಹಿ ಹಾಕುವ ಮೊದಲು ಅದನ್ನೊಮ್ಮೆ ನನಗೆ ಕಳಿಸು, ಎಷ್ಟು ಹೊತ್ತಾದರೂ ಓದಿ ಹೇಳುತ್ತೇನೆ. ಅಡ್ವಾನ್ಸಿಗೆ ದುಡ್ಡು ಸಾಲದಿದ್ದರೆ ಬಡ್ಡಿಗೆ ತರಬೇಡ. ಸಂಕೋಚ ಪಡದೆ ನನ್ನನ್ನೇ ಕೇಳು.

ನಿನ್ನ ಚಿಕ್ಕಮ್ಮ