ಕಿಟ್‌ಗಳು ಕಪಾಟಿನಲ್ಲೇ ಉಳಿಯದಿರಲಿ

ಮಾನ್ಯ ಸಂಪಾದಕರೆ,

ಆರನೆಯ ತರಗತಿಯಿಂದಲೇ ಪ್ರೋಗ್ರಾಮಿಂಗ್, ರೋಬೊಟಿಕ್ಸ್ ಕಲಿಸಬೇಕೆಂಬ ಬೇಡಿಕೆ ಹುಬ್ಬಳ್ಳಿ-ಧಾರವಾಡದ ಪಾಲಕರ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಹಂತದಲ್ಲಿ ಕೋಡಿಂಗ್ ಚಟುವಟಿಕೆಗಳಿರಬೇಕೆಂದು ಹೇಳಿದೆ. ಮಕ್ಕಳು ತಾವೇ ಉಪಕರಣ ಜೋಡಿಸಿ ಪ್ರಯೋಗ ಮಾಡುವ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ ಕೇಂದ್ರದಿಂದ 20 ಲಕ್ಷ ರೂಪಾಯಿವರೆಗೆ ಅನುದಾನವೂ ಉಂಟು. ಉದ್ದೇಶ ಒಳ್ಳೆಯದೇ. ತಕರಾರಿರುವುದು ಕಲಿಸುವ ಬಗೆಗೆ.

ನಾನು ಕಂಡ ಶಾಲೆಯೊಂದರಲ್ಲಿ ರೋಬೊಟಿಕ್ಸ್ ಕಿಟ್ ಕಪಾಟಿನಲ್ಲಿ ಬೀಗದೊಳಗಿದೆ. ಒಂದು ಬಿಡಿಭಾಗ ಸುಟ್ಟರೂ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಲ್ಲ ಎಂಬ ಅಂಜಿಕೆ ಶಿಕ್ಷಕರಿಗೆ. ಅಧಿಕಾರಿಗಳು ಬಂದ ದಿನ ಮೊದಲೇ ಜೋಡಿಸಿಟ್ಟ ಗಾಡಿಯೊಂದು ಓಡುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅವರು ಕಲಿತದ್ದೂ ಅಷ್ಟೇ.

ಅಡ್ಡಿ ಕಂಡಾಗ ನಿಲ್ಲುವ ಅದೇ ಗಾಡಿಯನ್ನು ಮಕ್ಕಳ ಕೈಗೆ ಕೊಟ್ಟು ನೋಡಬೇಕು. ಅದರ ಸೆನ್ಸರ್ ನಮ್ಮ ಕಿವಿಗೆ ಕೇಳದ ಶಬ್ದವನ್ನು ಕಳುಹಿಸಿ, ಪ್ರತಿಧ್ವನಿ ಮರಳಲು ಹಿಡಿದ ಸಮಯವನ್ನು ಅಳೆಯುತ್ತದೆ. ಆ ಸಮಯವನ್ನು ಸೆಕೆಂಡಿಗೆ ಸುಮಾರು 340 ಮೀಟರ್ ಎಂಬ ಶಬ್ದದ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ ಸಿಗುತ್ತದೆ. ಎರಡರಿಂದಲೇ ಏಕೆ ಎಂದು ಕೇಳಿದ ಮಗುವಿಗೆ, ಶಬ್ದ ಹೋಗಿಯೂ ಬಂದಿದೆ ಎಂಬುದು ಹೊಳೆದರೆ ವಿಜ್ಞಾನದ ಒಂದು ಪಾಠ ಗಟ್ಟಿಯಾದಂತೆ. ಗೋಡೆಯೆದುರು ಸರಿಯಾಗಿ ನಿಂತ ಗಾಡಿ, ದಪ್ಪ ಕಂಬಳಿಯನ್ನು ಅಡ್ಡ ಹಿಡಿದಾಗ ನಿಲ್ಲದೆ ನುಗ್ಗಬಹುದು, ಏಕೆಂದರೆ ಮೆತ್ತನೆಯ ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತದೆ. ತಪ್ಪು ಪ್ರೋಗ್ರಾಮಿನಲ್ಲಿದೆಯೋ, ವೈರಿನಲ್ಲಿದೆಯೋ, ಎದುರಿಗಿರುವ ವಸ್ತುವಿನಲ್ಲಿದೆಯೋ ಎಂದು ಮಕ್ಕಳೇ ಒಂದೊಂದಾಗಿ ಪರೀಕ್ಷಿಸುವುದರಲ್ಲಿ ನಿಜವಾದ ಕಲಿಕೆಯಿದೆ. ಅದಕ್ಕೆ ಒಂದು ಪಿರಿಯಡ್ ಸಾಲದು, ವಾರಕ್ಕೊಮ್ಮೆ ಎರಡು ಪಿರಿಯಡ್‌ಗಳನ್ನು ಜೋಡಿಸಿ ಕೊಡಬೇಕಾಗುತ್ತದೆ.

ಕಿಟ್ ಕೊಳ್ಳುವ ಮುನ್ನ ಒಂದು ವರ್ಷ ಶಾಲೆಯಲ್ಲಿರುವ ಕಂಪ್ಯೂಟರ್‌ಗಳಲ್ಲೇ, ಬಣ್ಣದ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಮ್ ಬರೆಯುವ ಸ್ಕ್ರ್ಯಾಚ್ ಕಲಿಸಬಹುದು. ಅದು ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಆನಂತರ ಸೆನ್ಸರ್, ಮೋಟರುಗಳನ್ನು ಜೋಡಿಸಿ ಪ್ರೋಗ್ರಾಮಿನಿಂದ ನಡೆಸುವ, ಆರ್ಡುಯಿನೊದಂಥ ಮುಕ್ತ ವಿನ್ಯಾಸದ ಸರ್ಕಿಟ್ ಬೋರ್ಡ್ ತೆಗೆದುಕೊಂಡರೆ ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು. ಒಂದೇ ಕಂಪನಿಯ ಭಾಗಗಳಿಗೆ ಮಾತ್ರ ಹೊಂದುವ ದುಬಾರಿ ಕಿಟ್ ಕೊಂಡವರಿಗೆ ಈ ಅನುಕೂಲವಿಲ್ಲ.

ಐಐಟಿ ಮತ್ತು ಹಲವು ಎಂಜಿನಿಯರಿಂಗ್ ಕಾಲೇಜುಗಳಿರುವ ಅವಳಿ ನಗರದಲ್ಲಿ ಶಾಲೆಯ ಸುಟ್ಟ ಬೋರ್ಡ್ ನೋಡಿಕೊಡುವ ವಿದ್ಯಾರ್ಥಿಗಳಿಗೆ ಬರವಿರಲಾರದು. ಆದ್ದರಿಂದ ಶಿಕ್ಷಣ ಇಲಾಖೆಯು ಮುಂದಿನ ಶೈಕ್ಷಣಿಕ ವರ್ಷದೊಳಗೆ ಸೆನ್ಸರ್, ವೈರ್, ಮೋಟರುಗಳನ್ನು ಬಳಸಿ ಮುಗಿಯುವ ಸಾಮಗ್ರಿಯೆಂದು ದಾಸ್ತಾನಿನಲ್ಲಿ ಪರಿಗಣಿಸಿ, ಗಣಿತ-ವಿಜ್ಞಾನ ಶಿಕ್ಷಕರಿಗೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮೂಲಕ ತರಬೇತಿ ಕೊಡಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಧಾರವಾಡ